ಅಟ್ಟದ ಮೂಲೆಯ ಗಾಳಿ

ಆ ವರ್ಷ ನವೆಂಬರಿನಲ್ಲಿ ಮರಾನೊ ಕಣಿವೆಗೆ ಇಳಿದ ಮಂಜು ಏಳುವ ಲಕ್ಷಣವೇ ಕಾಣಲಿಲ್ಲ. ಅಟ್ಟದ ಜೊಂಡಿನ ತಟ್ಟಿಗಳ ಮೇಲೆ ಒಣಗಲು ಹರಡಿದ್ದ ದ್ರಾಕ್ಷಿಗೆ ಬೂಷ್ಟು ಹಿಡಿಯತೊಡಗಿತು. ಹಣ್ಣು ಚಳಿಗಾಲದವರೆಗೂ ಸುಕ್ಕುಗಟ್ಟಿ, ರಸ ಮಂದವಾದರೆ ತಾನೇ ನಮ್ಮ ಅಮರೋನೆ ವೈನ್.

ನಾನೂ ನನ್ನ ಮಾವ ಒತ್ತೊರಿನೊ ಅವರೂ ಬೆಳಿಗ್ಗೆ ಎದ್ದವರೇ ಕತ್ತರಿ ಹಿಡಿದು ಕೆಟ್ಟ ಹಣ್ಣುಗಳನ್ನು ತೆಗೆಯುತ್ತ ಕೂರುತ್ತಿದ್ದೆವು. ಗುಡ್ಡದ ಕಡೆಯ ಮೂಲೆಗೆ ಬಂದಾಗ ನನ್ನ ಕತ್ತರಿಗೆ ಕೆಲಸವೇ ಸಿಗಲಿಲ್ಲ.

“ಮಾವ, ಈ ಮೂಲೇಲಿ ಒಂದೂ ಕೆಟ್ಟಿಲ್ಲ, ನೋಡಿದ್ರಾ?”

“ಹೋದ ವರ್ಷಾನೂ ಹಂಗೇ ಇತ್ತು. ಸಂತ ರೊಕ್ಕೊನ ಪಟ ಅಲ್ಲೇ ಇದೆಯಲ್ಲ.”

“ಹಾಗಾದ್ರೆ ಉಳಿದ ಮೂರು ಮೂಲೆ ಮೇಲೆ ಸಂತರಿಗೆ ಏನು ಸಿಟ್ಟು?”

“ಕೈ ಆಡ್ಸು ನೊರ್ಮಾ, ಬಾಯಲ್ಲ.”

ಅವರಿಲ್ಲದಾಗ ಪಟವನ್ನು ಎದುರು ಮೂಲೆಗೆ ತೂಗುಹಾಕಿದೆ. ಅಲ್ಲಿನ ಬೂಷ್ಟು ಕಡಿಮೆಯಾಗಲಿಲ್ಲ. ಆಮೇಲೆ ಆಗಷ್ಟೇ ಕೆಡಲು ಶುರುವಾಗಿದ್ದ ಒಂದು ತಟ್ಟಿಯನ್ನು ಗುಡ್ಡದ ಮೂಲೆಗೆ ಎಳೆದಿಟ್ಟೆ. ವಾರ ಕಳೆಯುವುದರೊಳಗೆ ಅದರ ಬೂಷ್ಟು ನಿಂತು ಹಣ್ಣು ಒಣಗತೊಡಗಿತು. ನನಗೆ ಕುತೂಹಲ ತಡೆಯಲಾಗಲಿಲ್ಲ. ಕೋಳಿಗೂಡಿನಿಂದ ಒಂದು ಪುಕ್ಕ ತಂದು, ಹೊಟ್ಟೆಯ ಮೇಲೆ ತೆವಳಿ ತಟ್ಟಿಗಳ ಕೆಳಗೆ ಹಿಡಿದೆ. ಪುಕ್ಕ ಕೈ ಬಿಟ್ಟು ಮೇಲಕ್ಕೆ ಹಾರಿತು. ಅಲ್ಲೇ ನೆಲದ ಹಲಗೆಯಲ್ಲಿ ಅಂಗೈಯಗಲದ, ನೀಟಾಗಿ ಕೊಯ್ದ ತೂತು. ಬಗ್ಗಿ ಇಣುಕಿದರೆ ಕೆಳಗೊಂದು ಮಂಚ. ಮಂಚದಿಂದ ಝೆಲಿಂಡಾ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಅವರು ಮಾವನ ಅಕ್ಕ, ಮದುವೆಯಾದವರಲ್ಲ. ಸೊಂಟ ಮುರಿದು ಹಾಸಿಗೆ ಹಿಡಿಯುವವರೆಗೆ ಈ ಅಟ್ಟದ ಉಸ್ತುವಾರಿ ಅವರದೇ ಆಗಿತ್ತು. ಚಳಿಯಲ್ಲೂ ತಮ್ಮ ಕೋಣೆಯ ಕಿಟಕಿ ತೆರೆಸಿಡುತ್ತಾರೆಂದು ನಾನೇ ಎಷ್ಟೋ ಸಲ ಗೊಣಗಿದ್ದೆ.

ಏಣಿ ಇಳಿದು ಓಡಿದೆ. “ಅತ್ತೆ, ಏನಿದು?”

“ನೀವೆಲ್ಲ ಚರ್ಚಿಗೆ ಹೋದಾಗ ಬಡಗಿ ಕೈಲಿ ಕೊಯ್ಸಿದ್ದು. ವಾಸನೆಗೆ ಕಣೇ. ಒಣಗ್ತಾ ಒಣಗ್ತಾ ಹಣ್ಣಿನ ವಾಸನೆ ಬದಲಾಗುತ್ತಲ್ಲ, ಅದೂ ಇಲ್ದೆ ಇಲ್ಲಿ ಹೇಗೆ ಬಿದ್ಕೊಂಡಿರ್ಲಿ? ಸಂಜೆ ಕಿಟಕಿ ಹಾಕಿದ್ರೆ ವಾಸನೆ ನಂಗೆ ಬರುತ್ತೆ. ಹಗಲು ತೆಗೆದಿಟ್ರೆ ಗಾಳಿ ಹಣ್ಣಿಗೆ ಹೋಗುತ್ತೆ.”

ಹಿಂದೆ ಮಾವ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ. ಅವರು ತಲೆಯೆತ್ತಿ ಆ ತೂತನ್ನೇ ನೋಡುತ್ತಿದ್ದರು.

“ಅಜ್ಜ ಹಾಕ್ಸಿದ ಹಲಗೆ ಅಕ್ಕ ಅದು.”

“ಅಜ್ಜನ ಹಲಗೆ ಬೇಕೋ, ದ್ರಾಕ್ಷಿ ಬೇಕೋ ಹೇಳು.”

ಮಾವ ತೂತಿನ ಕೆಳಗೆ ಅಂಗೈ ಎತ್ತಿ ಹಿಡಿದು ಗಾಳಿಯ ಎಳೆತ ನೋಡಿದರು. ಮೊಳೆ ಹೊಡೆದು ಮುಚ್ಚಿಯೇ ಬಿಡುತ್ತಾರೆಂದುಕೊಂಡೆ. ಹೊರಗೆ ಹೋದವರು ಗರಗಸ ಹಿಡಿದು ಬಂದರು.

“ಇನ್ನೊಂದು ಎಲ್ಲಿ ಕೊಯ್ಲಿ?”

“ಅಡುಗೆಮನೆ ಮೇಲೆ ಬೇಡ, ಹಣ್ಣಿಗೆ ಹೊಗೆ ಹಿಡಿಯುತ್ತೆ. ಮೆಟ್ಟಿಲ ಪಕ್ಕದ ಕೋಣೇಲಿ ಕೊಯ್ಯಿ. ಅಲ್ಲೂ ಕಿಟಕಿ ಇದೆ.”

ಅಷ್ಟರಲ್ಲಿ ಕೆಟ್ಟಿದ್ದು ಕೆಟ್ಟಿತ್ತು, ಉಳಿದದ್ದು ಉಳಿಯಿತು. ಜನವರಿಯಲ್ಲಿ ಹಿಂಡುವ ದಿನ ಬೆಳಿಗ್ಗೆ ಮಾವ ತಾವೇ ಒಂದು ಗೊಂಚಲನ್ನು ಅಕ್ಕನ ಮಂಚಕ್ಕೆ ಒಯ್ದರು. ಅತ್ತೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಇನ್ನೊಂದೆರಡು ದಿನ ಬಿಡು.”

“ಆಳುಗಳು ಅಂಗಳಕ್ಕೆ ಬಂದಾಗಿದೆ ಅಕ್ಕ.”

“ಅವರಿಗೆ ಊಟ ಹಾಕಿ ಕಳ್ಸು.”

ಮಾವ ಗೊಣಗುತ್ತಲೇ ಅಂಗಳಕ್ಕಿಳಿದರು. ನಾನು ಆಳುಗಳ ಊಟಕ್ಕೆ ಮೆಕ್ಕೆಜೋಳದ ಪೊಲೆಂಟಾ ಮಾಡಲು ನೀರಿಟ್ಟೆ.