ಜುಲೈನಲ್ಲಿ ಉಣ್ಣೆ ಕೋಟು

ನನ್ನ ಮೊದಲ ಬೇಟೆಕೋವಿಯನ್ನು ನಾನೇ ಜೋಡಿಸಬೇಕೆಂದು ಹಟ ಹಿಡಿದಿದ್ದೆ. ಗಿಡ್ಡ ನಳಿಗೆ, ಹೆಗಲಿಗೆ ಆನಿಸುವ ವಾಲ್ನಟ್ ಮರದ ಹಿಡಿ, ಎಲ್ಲಾ ಅಳೆದು ಚೀಟಿಯಲ್ಲಿ ಬರೆದಿಟ್ಟಿದ್ದೆ. ಅಳತೆಗೆಂದು ಹಲಗೆಯಲ್ಲಿ ಆ ಹಿಡಿಯದೊಂದು ಮಾದರಿಯನ್ನೂ ಕೊಯ್ದಿದ್ದೆ.

ಬೋರ್ಗಿಲ್ಡ್ ಅತ್ತೆ ಚೀಟಿ ನೋಡಿ, "ಏನು ಹಾಕ್ಕೊಂಡು ಅಳೆದೆ?" ಅಂದರು.

"ಇದೇ ಟೀ ಶರ್ಟು."

"ಅಕ್ಟೋಬರ್ ಚಳೀಲಿ ಮೂಸ್ ಜಿಂಕೆ ಬೇಟೆಗೂ ಇದರಲ್ಲೇ ಹೋಗ್ತೀಯೇನೇ?"

ಆ ಜುಲೈ ಸೆಕೆಯಲ್ಲೇ ತಮ್ಮ ದಪ್ಪ ಉಣ್ಣೆ ಕೋಟು ತಂದು ನನಗೆ ತೊಡಿಸಿದರು. ಮಾದರಿಯನ್ನು ಹೆಗಲಿಗೆತ್ತಿದೆ. ಅದರ ಬುಡ ಕೋಟಿನ ಕಂಕುಳಲ್ಲಿ ಸಿಕ್ಕಿಕೊಂಡಿತು. ಬುಡದಿಂದ ಎರಡು ಸೆಂಟಿಮೀಟರ್ ಕೊಯ್ದೆ. ಈಗ ಸಲೀಸಾಗಿ ಕೂತಿತು.

"ಬೆವರು ಸುರೀತಿದೆ, ಕೋಟು ತೆಗಿ ಮಾರಾಯ್ತಿ," ಅತ್ತೆ ನಕ್ಕರು.

"ತಡೀರಿ ಅತ್ತೆ, ಕೈಗವಸೂ ತನ್ನಿ. ಟ್ರಿಗರಿನ ಸುತ್ತಿನ, ಬೆರಳು ತೂರಿಸೋ ಬಳೇನೂ ಬರಿಗೈಲೇ ಅಳೆದಿದ್ದೀನಿ."