ನೆಲ ಮುಟ್ಟಬಾರದ ಕೋಲು

ಹೆಗಲ ಮೇಲೆ ಅಡ್ಡವಾಗಿ ಹೊತ್ತ ಒಂದು ಊರುಗೋಲು, ಗಾಳಿಯಲ್ಲಿ ತೇಲುವ ಅದರ ತುದಿ. ಏಳು ಗುಡ್ಡದ ಯಾತ್ರೆ ಎಂದರೆ ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಅದೇ. ನಡೆಯಲಾಗದವರು ತಮ್ಮ ಕೋಲನ್ನು ಯಾತ್ರೆಗೆ ಕಳಿಸುವುದು ನಮ್ಮ ಕಡೆಯ ರೂಢಿ. ಹೊತ್ತವರು ಪ್ರತಿ ಗುಡಿಯ ಹೊಸ್ತಿಲಿಗೆ ಅದನ್ನು ಮೂರು ಸಲ ತಾಗಿಸಿದರೆ ಕೋಲಿನವರು ಬಂದುಹೋದಂತೆ. ನಡುವೆ ಎಲ್ಲಿಯೂ ಅದು ನೆಲ ಮುಟ್ಟಬಾರದು. ಮುಟ್ಟಿದರೆ ಯಾತ್ರೆಯ ಪುಣ್ಯವೆಲ್ಲ ಹೊತ್ತವರ ಪಾಲು. ಕಳಿಸಿದವರಿಗೆ ಏನೂ ಇಲ್ಲ.

ನಾನು ಹೊತ್ತದ್ದು ಗಿರಿಜಕ್ಕೋರ ಕೋಲು. ಹಗಲೆಲ್ಲ ಹಂಚಿನ ಭಟ್ಟಿಯಲ್ಲಿ ದುಡಿಯುತ್ತಿದ್ದ ನನಗೆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿಸಿದವರು ಅವರು. ಬರೆದದ್ದು ತಪ್ಪಿರಬಹುದೆಂದು ಅಂಜಿ ನಾನು ಉಜ್ಜಿ ಅಳಿಸುತ್ತಲೇ ಇರುತ್ತಿದ್ದೆ. ನನ್ನ ಪಾಟಿ ಸದಾ ಒದ್ದೆ. ಅಕ್ಕೋರು ಪ್ರಾಯದಲ್ಲಿ ಇದೇ ಯಾತ್ರೆಗೆ ಹೊರಟು, ಮೂರನೆಯ ಗುಡ್ಡದಲ್ಲಿ ಸೋತು ಹಿಂದಿರುಗಿದ್ದರಂತೆ.

"ನಾಕು ಗುಡ್ಡ ಉಳದಾವ, ತಂಗಿ. ನೀ ಮುಗಿಸಿ ಬಾ," ಎಂದು ಕೋಲು ಕೊಟ್ಟು, ತಾವು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಇಷ್ಟು ಜನರಲ್ಲಿ ನನಗೇ ಏಕೆ ಕೊಟ್ಟರೋ ಎಂದು ದಾರಿಯುದ್ದಕ್ಕೂ ಹೆದರಿದೆ.

ನಾವು ಹದಿನಾಲ್ಕು ಮಂದಿ ಇದ್ದೆವು. ಕಲ್ಲು ಹತ್ತುವುದು, ಕಲ್ಲು ಇಳಿಯುವುದು, ಕಲ್ಲಿನ ಮೇಲೆಯೇ ಮಲಗುವುದು. ನಾಲ್ಕನೆಯ ದಿನಕ್ಕೆ ಎಲ್ಲರ ಮಾತೂ ಬತ್ತಿಹೋಗಿತ್ತು. ಬುಟ್ಟಿ ಹೆಣೆಯುವ ಗುರುಶಾಂತವ್ವನದೊಂದನ್ನು ಬಿಟ್ಟು. ಅವಳು ಗಂಡನ ಕೋಲು ಹೊತ್ತಿದ್ದಳು.

"ಮನ್ಯಾಗ ಅವನನ್ನ ಹೊರೂದು, ಇಲ್ಲಿ ಅವನ ಕೋಲು ಹೊರೂದು," ಎಂದಳು. "ದೇವರು ನನಗ ಹೆಗಲು ಕೊಟ್ಟದ್ದ ಇದಕ್ಕ ಕಾಣ್ತೈತಿ."

ನಗಲಿಕ್ಕೂ ನಮ್ಮಲ್ಲಿ ತ್ರಾಣವಿರಲಿಲ್ಲ.

ಐದನೆಯ ಗುಡ್ಡದ ಇಳಿಜಾರಿನಲ್ಲಿ ಸಡಿಲ ಕಲ್ಲೊಂದು ಕಾಲಡಿಯಿಂದ ಜಾರಿತು. ನಾನು ಯೋಚಿಸುವ ಮೊದಲೇ ಕೈ ಕೋಲನ್ನು ಊರಿತ್ತು. ಬೀಳಲಿಲ್ಲ. ತಟ್ಟನೆ ಹೆಗಲಿಗೇರಿಸಿದೆ. ಹತ್ತು ಹೆಜ್ಜೆಯಾಚೆ ಮತ್ತೆ ಜಾರಿದೆ, ಮತ್ತೆ ಊರಿದೆ. ಆಮೇಲೆ ಎತ್ತಲೇ ಇಲ್ಲ. ಆರನೆಯದನ್ನೂ ಏಳನೆಯದನ್ನೂ ಅದರ ಆಸರೆಯಲ್ಲೇ ಹತ್ತಿದೆ. ಕೊನೆಯ ಹೊಸ್ತಿಲಿಗೆ ಮೂರು ಸಲ ತಾಗಿಸುವಾಗ ನೋಡಿದರೆ ತುದಿ ಅಗಿದ ಬೇವಿನ ಕಡ್ಡಿಯಂತೆ ಎಳೆಎಳೆಯಾಗಿತ್ತು. ಏನು ಬೇಡಿಕೊಳ್ಳಬೇಕೋ ತೋಚಲಿಲ್ಲ.

ಹಿಂದಿರುಗುವಾಗ ಗುರುಶಾಂತವ್ವ ತನ್ನ ಕುಡಗೋಲು ಮುಂದೆ ಹಿಡಿದಳು. "ತುದಿ ಎರಡು ಬೆರಳಷ್ಟು ಕೊಯ್ದ್ರ ಯಾರಿಗೆ ತಿಳೀತೈತಿ? ಕೋಲೇನು ಬಾಯಿ ಬಿಟ್ಟು ಹೇಳ್ತೈತೇನು?"

ಕೊಯ್ದೆ. ಕೊಯ್ದ ತುಂಡನ್ನು ಎಸೆಯುವ ಧೈರ್ಯ ಬರದೆ ಎಲೆಅಡಿಕೆಯ ಸಂಚಿಯಲ್ಲಿಟ್ಟುಕೊಂಡೆ.

ಅಕ್ಕೋರು ಬಾಗಿಲಲ್ಲೇ ಕಾದಿದ್ದರು. ಕೋಲು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು.

"ಅಲ್ಲಾ, ಒಂಬತ್ತು ದಿನದಾಗ ನಾ ಎತ್ತರ ಆಗೀನೇನು?"

ಸಂಚಿ ಬಿಚ್ಚಿ ತುಂಡನ್ನು ಅವರ ಅಂಗೈಯಲ್ಲಿಟ್ಟೆ. "ಐದನೇ ಗುಡ್ಡದಾಗ ಊರಿಬಿಟ್ನಿರೀ, ಅಕ್ಕೋರೆ. ಆಮ್ಯಾಲೆ ಪೂರಾ ಊರಕೊಂತನ ನಡದೆ. ನಿಮಗ ಬರೂದನ್ನ ನಾ ಕಳದೆ."

ಎಳೆಎಳೆಯಾದ ತುದಿಯಲ್ಲಿ ಕೆಂಪು ಮಣ್ಣು ಸಿಕ್ಕಿಕೊಂಡಿತ್ತು. ಅಕ್ಕೋರು ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

"ಉಜ್ಜೂ ಚಟ ನೀ ಇನ್ನೂ ಬಿಟ್ಟಿಲ್ಲ," ಎಂದರು ಕೊನೆಗೆ. "ಇದನ್ನ ಯಾಕ ಕೊಯ್ದಿ, ಹುಚ್ಚಿ? ಉಳದ ಕೋಲು ನಿನ್ನ ಹೆಗಲ ಮ್ಯಾಲೆ, ನಿನ್ನ ಕೈಯಾಗ ಕುಂತು ಬಂತು. ನಡದದ್ದು ಇದೊಂದ."

ಆಮೇಲೆ ಗೋಡೆಗೊರಗಿ ಕುಳಿತು, "ಐದನೇದು ಹ್ಯಾಂಗಿತ್ತು, ಹೇಳು," ಎಂದರು. ಹೇಳಿದೆ. ಆರನೆಯದನ್ನು ಹೇಳಿದೆ, ಏಳನೆಯದನ್ನೂ. ಅವರು ಮುಷ್ಟಿ ಬಿಗಿಹಿಡಿದು, ಕಣ್ಣು ಮುಚ್ಚಿ ಕೇಳಿದರು. ದಣಿದವರಂತೆ ಅವರ ಉಸಿರು ಏರಿಳಿಯುತ್ತಿತ್ತು.

ಅವರು ತೀರಿಕೊಂಡಾಗ ಆ ತುಂಡು ಅವರ ಸೆರಗಿನ ಗಂಟಿನಲ್ಲಿತ್ತು. ಅವರ ಜೊತೆಗೇ ಹೋಯಿತು. ಕೋಲನ್ನು ನನಗೆ ಬಿಟ್ಟಿದ್ದರು. ನನ್ನನ್ನು ಮನ್ನಿಸಿ ಕೊಟ್ಟರೋ, ನೆನಪಿರಲಿ ಎಂದು ಕೊಟ್ಟರೋ, ನಾನರಿಯೆ.

ಈಗ ನನಗೂ ಆಸರೆ ಬೇಕಾಗಿದೆ. ಕೋಲು ಎರಡು ಬೆರಳು ಗಿಡ್ಡ. ಅದು ನೆಲ ಮುಟ್ಟಬೇಕೆಂದರೆ ಪ್ರತಿ ಹೆಜ್ಜೆಗೂ ನಾನೇ ಒಂದಿಷ್ಟು ಬಾಗಬೇಕು.