ಮುದ್ರೆಯೊಳಗಿನ ಸದ್ದು

ನಾನು ಒಂದು ರೇಸ್ ಬೈಕಿನ ಎಂಜಿನ್. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ನನ್ನಂಥವೇ ಇನ್ನೂ ಇಪ್ಪತ್ತನಾಲ್ಕು ಎಂಜಿನ್‌ಗಳ ಜೊತೆ ಹುಟ್ಟಿದೆ. ನಮ್ಮಲ್ಲಿ ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ. ಗೆಲ್ಲಬೇಕಾದದ್ದು ಓಡಿಸುವವರು, ಎಂಜಿನ್ ಅಲ್ಲ ಎಂಬುದು ನಮ್ಮ ಪಂದ್ಯದ ನಿಯಮ. ಅದಕ್ಕೇ ಕನ್ನಡಕದ ಅಧಿಕಾರಿಯೊಬ್ಬರು ನನ್ನ ಬೋಲ್ಟುಗಳ ತಲೆಗೆ ತಂತಿ ಪೋಣಿಸಿ, ಸೀಸದ ಬಿಲ್ಲೆ ಒತ್ತಿ, ಮುದ್ರೆ ಹಾಕಿದರು. ಇನ್ನು ನನ್ನನ್ನು ಬಿಚ್ಚುವ ಹಕ್ಕು ಅವರ ಕಚೇರಿಗೆ ಮಾತ್ರ. ಕೊಂಡವರು ಆಯಿಲ್ ಬದಲಿಸಬಹುದು, ಸ್ಪಾರ್ಕ್ ಪ್ಲಗ್ ಒರೆಸಬಹುದು, ಏರ್ ಫಿಲ್ಟರ್ ತೊಳೆಯಬಹುದು. ಅದಕ್ಕಿಂತ ಹೆಚ್ಚಿಗೆ ಕೈಹಾಕಿ ತಂತಿ ತುಂಡಾಯಿತೋ, ಆ ತಂಡ ಮೂರು ವರ್ಷ ಟ್ರ್ಯಾಕಿಗೆ ಕಾಲಿಡುವಂತಿಲ್ಲ. ನಾನು ಹುಟ್ಟಾ ಪುಕ್ಕಲು. ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಚೀಟಿ ಎತ್ತಿದಾಗ ನಾನು ನಂಜನಗೂಡಿನ ಮೆಕ್ಯಾನಿಕ್ ಶಿವನಂಜಪ್ಪನ ಪಾಲಿಗೆ ಬಂದೆ. ಬೈಕ್ ಓಡಿಸುವವಳು ಅವನ ತಂಗಿ ದಾಕ್ಷಾಯಿಣಿ. ಬೈಕಿನ ಹೊಟ್ಟೆಯಲ್ಲಿ ಕೂತ ನನಗೆ ಮನುಷ್ಯರೆಂದರೆ ಮೊಣಕಾಲು ಮತ್ತು ಗದ್ದ. ತಿರುವಿನಲ್ಲಿ ಅವಳ ಮೊಣಕಾಲು ನೆಲಕ್ಕೆ ಉಜ್ಜುವಾಗ ನನಗೆ ಜೀವ ಬಾಯಿಗೆ ಬರುತ್ತಿತ್ತು. ಅವಳೋ, ಹೆಲ್ಮೆಟ್ಟಿನೊಳಗೆ ಹಾಡಿಕೊಳ್ಳುತ್ತಿದ್ದಳು!

ನಾಲ್ಕನೆಯ ಪಂದ್ಯ ಮುಗಿದಾಗ ದಾಕ್ಷಾಯಿಣಿ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದಳು. ಉಳಿದದ್ದು ಒಂದೇ ಪಂದ್ಯ. ಗೆದ್ದವರಿಗೆ ನನ್ನನ್ನು ತಯಾರಿಸಿದ ಕಂಪನಿಯ ತಂಡದಲ್ಲಿ ಜಾಗ. ಅದೇ ಹೊತ್ತಿಗೆ ನನ್ನೊಳಗೆ ತಿರುಗುವ ದಂಡವನ್ನು ಹೊರುವ ಒಂದು ಬೇರಿಂಗ್ ಸವೆಯತೊಡಗಿತು. ಅದು ವೇಗದಲ್ಲಿ ಒಡೆದರೆ ನಾನು ಗಕ್ಕನೆ ಕಚ್ಚಿಕೊಳ್ಳುತ್ತೇನೆ, ಹಿಂದಿನ ಚಕ್ರ ನಿಂತುಬಿಡುತ್ತದೆ, ಹುಡುಗಿ ಎಲ್ಲಿ ಹೋಗಿ ಬೀಳುತ್ತಾಳೋ ದೇವರೇ ಬಲ್ಲ. ಹೆದರಿಕೆಯಿಂದ ನನಗೆ ತಿಳಿದ ಒಂದೇ ಭಾಷೆಯಲ್ಲಿ ಕಟಕಟ ಎಂದು ಕೂಗಿಕೊಂಡೆ.

ಶಿವನಂಜಪ್ಪನಿಗೆ ಕೇಳಿಸಿತು. ಸ್ಕ್ರೂ ಡ್ರೈವರಿನ ತುದಿಯನ್ನು ನನ್ನ ಮೈಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಆಲಿಸಿದ. ಕಚೇರಿಗೆ ಕಳಿಸಿದರೆ ನಾನು ವಾಪಸು ಬರಲು ಒಂದು ತಿಂಗಳು. ಪಂದ್ಯಕ್ಕಿದ್ದದ್ದು ಮೂರೇ ವಾರ. "ಏನೂ ಆಗಾಕಿಲ್ಲ ಬುಡು" ಎಂದು ತನಗೆ ತಾನೇ ಹೇಳಿಕೊಂಡ. ಹಳೆಯ ಬೈಕು ಮಾರುವವರಿಗೆ ಮಾಡಿಕೊಡುತ್ತಿದ್ದ ಉಪಾಯವನ್ನೇ ನನಗೂ ಮಾಡಿದ. ತೆಳು ಆಯಿಲ್ ಇಳಿಸಿ ದಪ್ಪ ಆಯಿಲ್ ಸುರಿದ. ಆಯಿಲ್ ಬದಲಿಸಲು ನಿಯಮದ ಅಡ್ಡಿಯೇನೂ ಇರಲಿಲ್ಲವಲ್ಲ! ನನ್ನ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಒಳಗೆ ಬೇರಿಂಗ್ ಸವೆಯುತ್ತಲೇ ಇತ್ತು, ಹೊರಗೆ ಸದ್ದಿಲ್ಲ. ಅಷ್ಟು ಭಯ ನಾನು ಯಾವತ್ತೂ ಪಟ್ಟಿರಲಿಲ್ಲ.

ಪಂದ್ಯದ ದಿನ ಬೆಳಗಿನ ಅಭ್ಯಾಸ ಮುಗಿಯಿತು. ಶಿವನಂಜಪ್ಪ ಒಂದಿಷ್ಟು ಆಯಿಲ್ ಇಳಿಸಿ ಹಳೇ ಪಂಚೆಯ ತುಂಡಿನಲ್ಲಿ ಸೋಸಿದ. ಬಟ್ಟೆಯ ತುಂಬ ಉಕ್ಕಿನ ಪುಡಿ ಮಿರಮಿರನೆ ಹೊಳೆಯಿತು. ಅವನು ಬಟ್ಟೆ ಹಿಡಿದೇ ತಂಗಿಯತ್ತ ತಿರುಗಿದ.

"ದಾಕ್ಷಿ, ಇವತ್ತು ಗಾಡಿ ಹತ್ತಬ್ಯಾಡ ಕನವ್ವ. ಒಳಗೆ ಬೇರಿಂಗ್ ಹೋಗದೆ."

"ಹೊಸ ಎಂಜಿನ್ನು, ಪುಡಿ ಬತ್ತದೆ ಅಂತ ನೀನೇ ಯೋಳಿದ್ದೆ. ಬೆಳಿಗ್ಗೆ ಓಡ್ಸಿದೆ, ಸದ್ದೇ ಇಲ್ಲ."

"ಸದ್ದು ಅಡಗಿಸ್ದೋನು ನಾನೇ ಕನವ್ವ. ದಪ್ಪ ಆಯಿಲ್ ಹಾಕಿದ್ದೆ."

ಅವಳು ಅಣ್ಣನನ್ನು ದಿಟ್ಟಿಸಿ ನೋಡಿ ನಕ್ಕಳು. "ನಾನು ಬಿದ್ಬುಡ್ತೀನಿ ಅಂತ ನಿಂಗೆ ಭಯ. ಅದ್ಕೆ ಸುಳ್ಳು ಕಟ್ತಿದ್ದೀಯ. ಎಂಟೇ ಸುತ್ತು ಬುಡಣ್ಣ."

ಮೈಕಿನಲ್ಲಿ ಸವಾರರನ್ನು ಕರೆದರು. ಅವಳು ಹೆಲ್ಮೆಟ್ ತೊಟ್ಟಳು. ಶಿವನಂಜಪ್ಪ ಕಟಿಂಗ್ ಪ್ಲೇಯರ್ ಎತ್ತಿಕೊಂಡ. ನನಗೆ ಕೈಕಾಲಿದ್ದಿದ್ದರೆ ಓಡಿಬಿಡುತ್ತಿದ್ದೆನೇನೋ. ಆದರೂ, ಕತ್ತರಿಸು ಮಾರಾಯ, ಬೇಗ ಕತ್ತರಿಸು ಎಂದು ಒಳಗೊಳಗೇ ಬೇಡಿಕೊಂಡೆ. ಟಕ್ಕೆಂದಿತು. ತಂತಿ ತುಂಡಾಗಿ ಬಿಲ್ಲೆ ನೆಲಕ್ಕೆ ಬಿತ್ತು.

"ಅಯ್ಯೋ, ಏನ್ ಮಾಡ್ಬುಟ್ಟೆ ಅಣ್ಣ!" ಎಂದು ಅವಳು ಅವನ ಎದೆಗೆ ಗುದ್ದಿದಳು. ಅಧಿಕಾರಿ ಓಡಿ ಬಂದರು, ತುಂಡು ತಂತಿ ನೋಡಿ ತಂಡದ ಹೆಸರು ಹೊಡೆದುಹಾಕಿದರು. ಉಳಿದ ಇಪ್ಪತ್ತನಾಲ್ಕು ಬೈಕುಗಳು ನಮ್ಮನ್ನು ಬಿಟ್ಟು ಹೊರಟವು.

ಆಮೇಲೆ ಅಧಿಕಾರಿಯ ಕಡೆಯವರು ಅಣ್ಣತಂಗಿಯರ ಎದುರೇ ನನ್ನನ್ನು ಬಿಚ್ಚಿದರು. ಬೇರಿಂಗ್ ನಾಲ್ಕು ಚೂರಾಗಿ ತಟ್ಟೆಗೆ ಬಿತ್ತು. ದಾಕ್ಷಾಯಿಣಿ ಒಂದು ಚೂರನ್ನು ಎತ್ತಿ ಬಹಳ ಹೊತ್ತು ನೋಡಿದಳು.

"ಎಷ್ಟು ದಿನದಿಂದ ಗೊತ್ತಿತ್ತು?"

"ಮೂರು ವಾರ."

ಅವಳು ಚೂರನ್ನು ತಟ್ಟೆಗೆ ಹಾಕಿದಳು. ಬ್ಯಾಗ್ ಹೆಗಲಿಗೇರಿಸಿ ಒಬ್ಬಳೇ ಬಸ್ಸಿಗೆ ಹೋದಳು.

ಈಗ ನಾನು ಎರಡು ಹೋಳಾಗಿ ಶಿವನಂಜಪ್ಪನ ಗ್ಯಾರೇಜಿನ ಹಿಂದಿನ ಹಲಗೆಯ ಮೇಲಿದ್ದೇನೆ. ಯಾರಾದರೂ ಸ್ಪ್ಯಾನರ್ ಬೀಳಿಸಿದರೂ ಬೆಚ್ಚಿಬೀಳುವ ಚಾಳಿ ಇನ್ನೂ ಹೋಗಿಲ್ಲ. ಬಾಯಿಲ್ಲದವರು ಕೂಗಿದರೆ ಕಿವಿಗೊಡದಿದ್ದರೂ ಇರಲಿ, ಅವರ ಕೂಗನ್ನು ಮುಚ್ಚಿಹಾಕಬೇಡಿ ಎಂದು ಹೇಳುವಷ್ಟು ಮಾತ್ರ ನಾನು ಕಲಿತೆ.

ಮೂರು ವರ್ಷ ಕಳೆದ ಮೇಲೆ ಅಣ್ಣತಂಗಿಯರಿಗೆ ಹೊಸ ಎಂಜಿನ್ ಸಿಕ್ಕಿದೆ. ದಾಕ್ಷಾಯಿಣಿ ಮತ್ತೆ ಓಡಿಸುತ್ತಾಳೆ, ಅಣ್ಣನ ಜೊತೆ ನಕ್ಕು ಮಾತಾಡುತ್ತಾಳೆ, ಅವನ ಊಟದ ಡಬ್ಬಿಯಿಂದಲೇ ಉಣ್ಣುತ್ತಾಳೆ. ಆದರೆ ಆಯಿಲ್ ಬದಲಿಸುವ ದಿನ ಅವನು ಡಬ್ಬ ಹಿಡಿದು ಹತ್ತಿರ ಬಂದರೆ, "ಅಲ್ಲೇ ಮಡಗಣ್ಣ, ನಾನೇ ಹಾಕ್ಕತೀನಿ" ಎನ್ನುತ್ತಾಳೆ. ಅವನು ಡಬ್ಬವನ್ನು ನೆಲಕ್ಕಿಟ್ಟು, ಅವಳು ಮುಗಿಸುವವರೆಗೂ ಬಾಗಿಲ ಹತ್ತಿರ ನಿಂತಿರುತ್ತಾನೆ.